ಕರ್ಪೂರ ತೂಗುವ ತಕ್ಕಡಿ: ಆರನೇ ವಾರ

ಅಂತೂ ಮುಳ್ಳು ನಿಂತಿದೆ.

ಸೆಕೆಂಡಿಗೆ ಕೋಟಿ ಸಲ ಕಂಪಿಸುವ (10 ಮೆಗಾಹರ್ಟ್ಸ್) ಕ್ವಾರ್ಟ್ಜ್ ಕ್ರಿಸ್ಟಲಿನ ಲೋಹದ ಮುಚ್ಚಳ ಕತ್ತರಿಸಿ, ಒಳಗಿನ ಬಿಲ್ಲೆಯನ್ನೇ ತಕ್ಕಡಿ ಮಾಡಿಕೊಂಡದ್ದು ನೆನಪಿರಬಹುದು. ಬಿಲ್ಲೆಗೆ ಏನೇ ಅಂಟಿದರೂ ಕಂಪನ ನಿಧಾನವಾಗುತ್ತದೆ. ಇದರ ಲೆಕ್ಕವನ್ನು ಜರ್ಮನಿಯ ಸೌವರ್‌ಬ್ರೈ 1959ರಲ್ಲೇ ಕೊಟ್ಟಿದ್ದಾರೆ: ನನ್ನ ಬಿಲ್ಲೆಗೆ ಒಂದು ಹರ್ಟ್ಸ್ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು 4.4 ನ್ಯಾನೋಗ್ರಾಂ. ಇದರ ಮುಂದೆ ಚಿನ್ನದಂಗಡಿಯ ತಕ್ಕಡಿಯೂ ಸೌದೆ ಡಿಪೋ ತಕ್ಕಡಿಯೇ.

ಕಳೆದ ವಾರದವರೆಗೆ ರೀಡಿಂಗ್ ಒಂದು ಕಡೆ ನಿಲ್ಲುತ್ತಿರಲಿಲ್ಲ. ಸರಸ್ವತಿಪುರದ ಮನೆಯಲ್ಲಿ ಫ್ಯಾನ್ ಹಾಕಿದರೆ ಒಂದು, ಆರಿಸಿದರೆ ಇನ್ನೊಂದು. ಪಾಪ, ಕ್ರಿಸ್ಟಲನ್ನು ಬೈದಿದ್ದೇ ಬೈದಿದ್ದು. ತಪ್ಪು ಎಣಿಸುವವನದು. ಕಂಪನ ಎಣಿಸುವ ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಗಡಿಯಾರದ ಕೆಲಸ ಮಾಡುವುದು ಸೆರಾಮಿಕ್ ರೆಸೊನೇಟರ್. ಬಿಸಿಲೇರಿದರೆ ಅದೇ ಜಾರುತ್ತದೆ. ಗಜಕಡ್ಡಿಯೇ ಹಿಗ್ಗಿದರೆ ಬಟ್ಟೆ ಅಳೆದ ಹಾಗೇ!

ಈಗ ಮುಚ್ಚಳ ತೆಗೆಯದ ಇನ್ನೊಂದು ಕ್ರಿಸ್ಟಲ್ ಪಕ್ಕದಲ್ಲಿಟ್ಟು, 74ಎಚ್‌ಸಿ74 ಚಿಪ್‌ನಿಂದ ಎರಡರ ವ್ಯತ್ಯಾಸವನ್ನಷ್ಟೇ ಎಣಿಸುತ್ತಿದ್ದೇನೆ. ಸಂಖ್ಯೆ ಚಿಕ್ಕದಾದ್ದರಿಂದ ಗಡಿಯಾರ ಜಾರಿದರೂ ತಪ್ಪು ಗೊತ್ತೇ ಆಗದು. ಬಂದದ್ದು 412 ಹರ್ಟ್ಸ್, ಕಿವಿಗೇ ಕೇಳುವ ಸ್ವರ. ಸಣ್ಣ ಸ್ಪೀಕರ್ ಸಿಕ್ಕಿಸಿ ಜಾಡಿಯೊಳಗೆ ಕರ್ಪೂರದ ಬಿಲ್ಲೆ ಇಟ್ಟೆ. ನನಗಿಂತ ಮೊದಲು ಅಡುಗೆಮನೆಯಿಂದ ಅಮ್ಮ, "ಶ್ರುತಿ ಇಳೀತಿದೆಯಲ್ಲೋ!" 389ಕ್ಕೆ ನಿಂತಿತು. ಎರಡೂ ಮುಖಕ್ಕೆ ಹಂಚಿದರೆ ಮುಖವೊಂದರ ಚದರ ಸೆಂಟಿಮೀಟರಿಗೆ 50 ನ್ಯಾನೋಗ್ರಾಂ ಆಸುಪಾಸು, ಅಂದರೆ ಕರ್ಪೂರದ ಅಣುಗಳ ಹೆಚ್ಚುಕಡಿಮೆ ಒಂದೇ ಪದರ! ಕರ್ಪೂರ ತೆಗೆದ ಹತ್ತು ನಿಮಿಷಕ್ಕೆ 411.

ಆಮೇಲೆ ಜಜ್ಜಿದ ಬೆಳ್ಳುಳ್ಳಿ. ಅರ್ಧ ಗಂಟೆಯಲ್ಲಿ 371. ಹೊರಗೆ ತೆಗೆದರೆ 380ರವರೆಗೆ ಏರಿ ಕೂತುಬಿಟ್ಟಿತು. ಬೆಳಿಗ್ಗೆ ಎದ್ದು ನೋಡಿದರೂ ಅಲ್ಲೇ. ಬೆಳ್ಳುಳ್ಳಿಯ ತೇವವೇ ಇರಬಹುದೇ ಎಂಬ ಅನುಮಾನಕ್ಕೆ, ಅದೇ ಬ್ಯಾಚಿನ ಇನ್ನೊಂದು ಕ್ರಿಸ್ಟಲ್ ಬಿಚ್ಚಿ ಒದ್ದೆ ಹತ್ತಿ ಇಟ್ಟೆ: 6 ಹರ್ಟ್ಸ್ ಇಳಿದು ಪೂರ್ತಿ ವಾಪಸ್ ಬಂತು. ಹಾಗಾಗಿ ನನ್ನ ಗುಮಾನಿ ಗಂಧಕದ ಮೇಲೆ. ನನ್ನ ಬಿಲ್ಲೆಯ ಎಲೆಕ್ಟ್ರೋಡ್ ಬೆಳ್ಳಿಯದು. ಕರ್ಪೂರ ಬರೀ ವ್ಯಾನ್ ಡರ್ ವಾಲ್ಸ್ ಎಂಬ ದುರ್ಬಲ ಸೆಳೆತದಲ್ಲಿ ಜಗಲಿಯ ಮೇಲೆ ಕೂತು ಎದ್ದು ಹೋಗುವ ನೆಂಟ. ಬೆಳ್ಳುಳ್ಳಿಯ ಗಂಧಕ ಬೆಳ್ಳಿಯೊಡನೆ ರಾಸಾಯನಿಕ ಬಂಧವನ್ನೇ ಕಟ್ಟಿಕೊಳ್ಳುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಗಂಧಕದಿಂದಲೇ.

ಆ ಬಿಲ್ಲೆ ಇನ್ನು ಬೇರೆ ಪ್ರಯೋಗಕ್ಕೆ ಬರುವುದಿಲ್ಲ. ಹೋಗಲಿ, ಹದಿನೈದು ರೂಪಾಯಿ.

ನಿನ್ನೆ ಆತುರಕ್ಕೆ ಬಿದ್ದು ಇನ್ನೊಂದು ಬಿಲ್ಲೆಯ ಮೇಲೆ ಒಂದು ತೊಟ್ಟು ನೀರು ಹಾಕಿದೆ, ಕಂಪನವೇ ನಿಂತುಹೋಯಿತು. ಒಂದು ಮುಖ ಮಾತ್ರ ಒದ್ದೆಯಾಗುವ ಹಾಗೆ ಹಿಡಿಕೆ ಬೇಕು, ಬಿಲ್ಲೆಯನ್ನು ಕಂಪಿಸುವ ಹಾಗೆ ಮಾಡುವ ಆಸಿಲೇಟರ್ ಸರ್ಕ್ಯೂಟಿಗೂ ಇನ್ನಷ್ಟು ಬಲ (ಗೇನ್) ಬೇಕು. ಸದ್ಯಕ್ಕೆ ಪ್ಲಂಬಿಂಗ್ ಅಂಗಡಿಗಳಲ್ಲಿ ಅಷ್ಟು ಸಣ್ಣ ರಬ್ಬರ್ ವಾಷರ್ ಕೇಳಿಕೊಂಡು ಅಲೆಯುತ್ತಿದ್ದೇನೆ.