ಸೂಜಿ ಬೇರೆ, ಪೊಟ್ಟಣ ಬೇರೆ

ಚಿಕ್ಕಮಗಳೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವನಿಗೆ ಹೆಸರಿಲ್ಲದ ಪೊಟ್ಟಣಗಳು ಹೊಸವಲ್ಲ. ಆದರೂ ಕಳೆದ ಮಳೆಗಾಲದಲ್ಲಿ ಆಲ್ದೂರಿನ ನಮ್ಮ ಅತ್ತಿಗೆಯವರು ತಂದು ತೋರಿಸಿದ ಪೊಟ್ಟಣವನ್ನು ನೋಡಿ ನನಗೆ ಭಯವಾಯಿತು. ಒಳಗೆ ಕಂದು ಬಣ್ಣದ ಪುಡಿ, ಮೇಲೆ ಚೀನೀ ಅಕ್ಷರಗಳ ಚೀಟಿ. ತಯಾರಕರ ವಿಳಾಸವಾಗಲೀ ಪರವಾನಗಿ ಸಂಖ್ಯೆಯಾಗಲೀ ಇರಲಿಲ್ಲ. ಮಂಡಿನೋವಿಗೆಂದು ಒಂದು ಶಿಬಿರದಲ್ಲಿ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಚಿಕಿತ್ಸೆ ಮಾಡಿಸಿಕೊಂಡಾಗ, ದಿನಕ್ಕೆರಡು ಬಾರಿ ಕಷಾಯ ಮಾಡಿ ಕುಡಿಯಿರಿ ಎಂದು ಅದನ್ನೂ ಕೊಟ್ಟಿದ್ದರಂತೆ. ಅತ್ತಿಗೆಯವರು ಹೃದಯಬಡಿತದ ಏರುಪೇರಿಗಾಗಿ ಹಲವು ವರ್ಷಗಳಿಂದ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆಂದು ತೋರಿಸುವ, 2ರಿಂದ 3ರ ನಡುವೆ ಇರಬೇಕಾದ ಅವರ ಐಎನ್‌ಆರ್ ಆ ತಿಂಗಳು 5ನ್ನು ದಾಟಿತ್ತು. ಹಲ್ಲುಜ್ಜಿದರೆ ವಸಡಿನಿಂದ ರಕ್ತ ಒಸರುತ್ತಿತ್ತು. ಪುಡಿಯನ್ನು ನಿಲ್ಲಿಸಿ, ವೈದ್ಯರು ಮಾತ್ರೆಯ ಪ್ರಮಾಣವನ್ನು ಸರಿಪಡಿಸಿದ ಮೇಲೆ ಅಂಕಿ ಇಳಿಯಿತು. ಪುಡಿಯಲ್ಲಿ ಏನೇನಿದೆ ಎಂದು ಶಿಬಿರದವರನ್ನು ಫೋನಿನಲ್ಲಿ ಕೇಳಿದೆ. ‘ಎಲ್ಲಾ ಗಿಡಮೂಲಿಕೆ ಸರ್, ಏನೂ ತೊಂದರೆಯಿಲ್ಲ’ ಎಂಬುದಷ್ಟೇ ಉತ್ತರ.

ಸೂಜಿ ಮತ್ತು ಮೂಲಿಕೆ ಒಂದೇ ದೇಶದಿಂದ ಬಂದವು, ಹಲವೆಡೆ ಒಂದೇ ಮೇಜಿನ ಮೇಲೆ ಸಿಗುತ್ತವೆ ಎಂಬ ಕಾರಣಕ್ಕೆ ಜನ ಎರಡನ್ನೂ ಒಂದೇ ಚಿಕಿತ್ಸೆಯೆಂದು ಭಾವಿಸುತ್ತಾರೆ. ರೋಗಿಯ ದೃಷ್ಟಿಯಿಂದ ಇವು ಸಂಪೂರ್ಣ ಬೇರೆ ಬೇರೆ. ಸೂಜಿಯನ್ನು ಅರ್ಧ ಗಂಟೆಯ ನಂತರ ಕಿತ್ತು ತೆಗೆಯುತ್ತಾರೆ. ಹೊಟ್ಟೆಗೆ ಹೋದ ಮದ್ದು ರಕ್ತಕ್ಕೆ ಸೇರಿ, ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಹಾದು, ನೀವು ಈಗಾಗಲೇ ನುಂಗಿರುವ ಮಾತ್ರೆಗಳ ಜೊತೆ ವ್ಯವಹಾರ ನಡೆಸುತ್ತದೆ.

ಮೊದಲು ಸೂಜಿಯ ವಿಚಾರ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರ ತಂಡದಲ್ಲಿ ಡಾ. ದ್ವಾರಕಾನಾಥ ಕೋಟ್ನಿಸರ ಜೊತೆಗಿದ್ದ ಡಾ. ಬಿಜಯ್ ಕುಮಾರ್ ಬಸು ಅವರು, 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದು ಕೋಲ್ಕತ್ತದಲ್ಲಿ ಆರಂಭಿಸಿದರು. ಕೇಂದ್ರ ಸರ್ಕಾರವು ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದ್ದು 2019ರ ಫೆಬ್ರವರಿಯಲ್ಲಿ. ಪದ್ಧತಿಗೆ ಮಾನ್ಯತೆ ಸಿಕ್ಕಿತೆಂದರೆ ಸೂಜಿ ಹಿಡಿದವರೆಲ್ಲರಿಗೂ ಸಿಕ್ಕಿತೆಂದಲ್ಲ. ಗೋಡೆಯ ಮೇಲಿನ ಪ್ರಮಾಣಪತ್ರವು ಎರಡು ವಾರಾಂತ್ಯಗಳ ತರಬೇತಿಯದೋ, ವೈದ್ಯ ಪದವಿಯ ನಂತರದ ವ್ಯಾಸಂಗದ್ದೋ ಎಂದು ಓದಿ ನೋಡುವ ಹಕ್ಕು ರೋಗಿಗಿದೆ.

ಫಲದ ಬಗ್ಗೆ ನನಗೆ ಬಹಳ ಯೋಚನೆಗೆ ಹಚ್ಚಿದ್ದು ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ. ದೀರ್ಘಕಾಲದ ಸೊಂಟನೋವಿನ 1,162 ಮಂದಿಯಲ್ಲಿ ಕೆಲವರಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ ಚುಚ್ಚಿದರು, ಕೆಲವರಿಗೆ ಬಿಂದುಗಳಲ್ಲದ ಕಡೆ ಮೇಲುಮೇಲಕ್ಕೆ ಚುಚ್ಚಿದರು, ಉಳಿದವರಿಗೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ನೀಡಿದರು. ಆರು ತಿಂಗಳ ಬಳಿಕ ಸುಧಾರಿಸಿದವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಅಂದರೆ ಸೂಜಿ ಚುಚ್ಚಿಸಿಕೊಂಡವರಿಗೆ ಉಪಯೋಗವಾಯಿತು, ಆದರೆ ಎಲ್ಲಿ ಚುಚ್ಚಿದರು ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯು 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡವೆಂದು, 2021ರಲ್ಲಿ ಬೇರೆ ಕಾರಣ ಕಾಣದ ದೀರ್ಘಕಾಲದ ನೋವಿಗೆ ಅದನ್ನು ಪರಿಗಣಿಸಬಹುದೆಂದು ಹೇಳಿದೆ. ಪಂಡಿತರೇ ಹೀಗೆ ತೂಗುತ್ತಿರುವಾಗ, ಸಕ್ಕರೆ ಕಾಯಿಲೆಯನ್ನೂ ಕ್ಯಾನ್ಸರನ್ನೂ ಸೂಜಿಯಿಂದಲೇ ಗುಣಪಡಿಸುತ್ತೇವೆ ಎನ್ನುವವರ ಅಂಗಳವನ್ನು ತುಳಿಯದಿರುವುದೇ ಒಳ್ಳೆಯದು.

ಅಪಾಯ ಅಪರೂಪ, ಆದರೆ ಇಲ್ಲವೆಂದಲ್ಲ. ಈ ಸೂಜಿ ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ, ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಆಸುಪಾಸಿನ ದಪ್ಪ. ಅದು ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ಟಿನಿಂದ ಹೊರಬಂದು, ಕೆಲಸ ಮುಗಿದ ಮೇಲೆ ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಯೊಳಗೆ ಬೀಳಬೇಕು. ಒಮ್ಮೆ ಬಳಸಿದ್ದನ್ನು ಕುದಿಸಿ ಮತ್ತೆ ಬಳಸುತ್ತೇವೆಂದರೆ ಎದ್ದು ಬನ್ನಿ. ಇಂಥ ಕಡೆಗಳಲ್ಲಿ ಹೆಪಟೈಟಿಸ್ ಬಿ ಹರಡಿದ್ದುಂಟು. ಎದೆ ಮತ್ತು ಭುಜದ ಮೇಲ್ಭಾಗದಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು, ಆದ್ದರಿಂದ ಆ ದಿನ ಅಥವಾ ಮರುದಿನ ಉಸಿರಾಟಕ್ಕೆ ತೊಂದರೆಯಾದರೆ ನೇರ ಆಸ್ಪತ್ರೆಗೆ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ಹೋದವರು ತಲೆಸುತ್ತಿ ಬೀಳುವುದುಂಟು. ಪೇಸ್‌ಮೇಕರ್ ಇದ್ದವರು ಸೂಜಿಗೆ ವಿದ್ಯುತ್ ಹರಿಸುವ ವಿಧಾನವನ್ನು ಒಪ್ಪಬಾರದು. ಗರ್ಭಿಣಿಯರು ಮೊದಲೇ ಹೇಳಬೇಕು.

ಇನ್ನು ಪೊಟ್ಟಣ. ಚೀನಾದ ಮೂಲಿಕೆಗಳನ್ನು ಹಗುರವಾಗಿ ಕಾಣುವವನು ನಾನಲ್ಲ. ಮಲೇರಿಯಾಕ್ಕೆ ಇಂದು ನಾವು ಕೊಡುವ ಆರ್ಟಿಮಿಸಿನಿನ್ ವರ್ಗದ ಔಷಧಿಯನ್ನು ತು ಯೂಯೂ ಅವರ ತಂಡವು ಪಡೆದದ್ದು ಅಲ್ಲಿನ ಒಂದು ಗಿಡದಿಂದಲೇ. ಆ ಶೋಧಕ್ಕೆ 2015ರಲ್ಲಿ ನೊಬೆಲ್ ಬಂತು. ಆದರೆ ಅದು ಬೇರ್ಪಡಿಸಿ, ಶುದ್ಧಗೊಳಿಸಿ, ಅಳತೆ ಕಟ್ಟಿ, ಪರೀಕ್ಷಿಸಿದ ವಸ್ತು. ಮೂಲಿಕೆಯಲ್ಲಿ ಮಲೇರಿಯಾವನ್ನು ಹತ್ತಿಕ್ಕುವಷ್ಟು ಶಕ್ತಿ ಇದೆಯೆಂದ ಮೇಲೆ ದೇಹಕ್ಕೆ ಹಾನಿ ಮಾಡುವಷ್ಟು ಶಕ್ತಿಯೂ ಇರಬಹುದಲ್ಲವೇ?

ಬ್ರಸೆಲ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಹೋದ ಮಹಿಳೆಯರಿಗೆ ಆದದ್ದು ಇದೇ. ಹೆಸರಿನಲ್ಲಿದ್ದ ಸಾಮ್ಯದಿಂದ ಒಂದು ಚೀನೀ ಬೇರಿನ ಬದಲು ಅರಿಸ್ಟೊಲೋಕಿಯಾ ಕುಲದ ಬೇರು ಮಾತ್ರೆಗೆ ಸೇರಿತು. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಕೆಟ್ಟವು. ಅನೇಕರಿಗೆ ಡಯಾಲಿಸಿಸ್ ಅಥವಾ ಕಸಿ ಬೇಕಾಯಿತು, ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ಅದೇ ಕುಲದ ಗಿಡ ನಮ್ಮಲ್ಲೂ ಇದೆ: ಹಾವಿನ ವಿಷಕ್ಕೆಂದು ಮಲೆನಾಡಿನ ಹಿರಿಯರು ಹಿತ್ತಲಲ್ಲಿ ಹಬ್ಬಿಸುತ್ತಿದ್ದ ಈಶ್ವರಿ ಬಳ್ಳಿ. ನಮ್ಮ ರಾಜ್ಯದ ಅಧಿಕೃತ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಅದರ ಎಲೆ ತಿಂದು, ಆ ವಿಷವನ್ನು ಮೈಯಲ್ಲಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಚಿಟ್ಟೆಗೆ ಒಗ್ಗಿದ್ದು ನಮಗೆ ಒಗ್ಗುವುದಿಲ್ಲ. ಅತ್ತಿಗೆಯವರ ಬೇಲಿಯ ಮೇಲೂ ಆ ಬಳ್ಳಿಯಿದೆ. ಈಗ ಅದು ಚಿಟ್ಟೆಗೆ ಮೀಸಲು.

ಔಷಧಿಗಳ ಜೊತೆಗಿನ ಜಗಳ ಇನ್ನೊಂದು ಬಗೆಯದು. ಡಾನ್‌ಶೆನ್, ಡಾಂಗ್ ಕ್ವಾಯ್ ಎಂಬ ಬೇರುಗಳು ವಾರ್ಫರಿನ್ನಿನ ಪರಿಣಾಮವನ್ನು ಹೆಚ್ಚಿಸಬಲ್ಲವು. ಜಿನ್‌ಸೆಂಗ್ ಅದನ್ನು ತಗ್ಗಿಸಬಹುದು. ಚೀನೀ ಮದ್ದಿನ ಮಿಶ್ರಣಗಳಲ್ಲಿ ಮತ್ತೆ ಮತ್ತೆ ಬರುವ ಜ್ಯೇಷ್ಠಮಧುವನ್ನು ಬಹಳ ದಿನ ಸೇವಿಸಿದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ವಿಷಕಾರಿಯಾದ ವತ್ಸನಾಭಿಯ ಕುಲದ ಬೇರುಗಳನ್ನು ಅಲ್ಲಿಯೂ ಸಂಸ್ಕರಿಸಿ, ದೀರ್ಘಕಾಲ ಕುದಿಸಿಯೇ ಕೊಡುತ್ತಾರೆ. ಕುದಿಸುವುದು ಕಡಿಮೆಯಾದರೆ ಹೃದಯದ ಲಯವೇ ತಪ್ಪುತ್ತದೆ.

ಕಲಬೆರಕೆಯ ಬಗ್ಗೆ ಅಂಗಡಿಯವನಾಗಿ ಒಂದು ಮಾತು. ಮೂಲಿಕೆಯೆಂದು ಮಾರುವ ಪುಡಿಯಲ್ಲಿ ಸ್ಟಿರಾಯ್ಡ್, ನೋವಿನ ಮಾತ್ರೆ, ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್ ಮುಂತಾದವು ಸಿಕ್ಕಿರುವುದು ಹಲವು ದೇಶಗಳಲ್ಲಿ ದಾಖಲಾಗಿದೆ. ವರ್ಷಗಳ ಮಂಡಿನೋವು ಎರಡೇ ದಿನದಲ್ಲಿ ಮಾಯವಾಗಿ, ಹಸಿವು ಹೆಚ್ಚಿ, ಮುಖ ಊದಿಕೊಂಡು, ಸಕ್ಕರೆ ಏರಿದರೆ ಸ್ಟಿರಾಯ್ಡಿನ ಅನುಮಾನ ಪಡಿ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಥಟ್ಟನೆ ನಿಲ್ಲಿಸಬೇಡಿ, ಪೊಟ್ಟಣವನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ. ನಮ್ಮ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಔಷಧಿಗಳಿಗೆ ಪ್ರತ್ಯೇಕ ಅಧ್ಯಾಯವಿದೆ, ಲೇಬಲ್ಲಿನ ಮೇಲೆ ಪರವಾನಗಿ ಸಂಖ್ಯೆ ಇರಬೇಕೆಂಬ ನಿಯಮವಿದೆ; ಚೀನೀ ಮೂಲಿಕೆಗಳಿಗೆ ಅಂಥ ಅಧ್ಯಾಯವಿಲ್ಲ.

ಅತ್ತಿಗೆಯವರು ಸೂಜಿಯನ್ನು ಬಿಟ್ಟಿಲ್ಲ, ನಾನೂ ಬಿಡಿ ಎನ್ನಲಿಲ್ಲ. ಈಗ ಚಿಕ್ಕಮಗಳೂರಿನ ಇನ್ನೊಬ್ಬ ವೈದ್ಯೆಯ ಬಳಿ ಹೋಗುತ್ತಾರೆ. ಮೊದಲ ದಿನ ಐಎನ್‌ಆರ್ ಚೀಟಿಯನ್ನು ತೋರಿಸಿದಾಗ ಅವರು ಅದನ್ನು ಓದಿ, ದಿನಾಂಕ ಹಳೆಯದೆಂದು ಹೊಸ ಪರೀಕ್ಷೆ ಮಾಡಿಸಿ ತರಲು ಹೇಳಿ, ಅಂದು ಸೂಜಿಯನ್ನೇ ಹಾಕದೆ ಕಳುಹಿಸಿದರಂತೆ. ಆಲ್ದೂರಿನಿಂದ ಬಸ್ಸಿನಲ್ಲಿ ಬಂದದ್ದು ವ್ಯರ್ಥವಾಯಿತೆಂದು ಅತ್ತಿಗೆಯವರು ಗೊಣಗಿದರು. ನನಗಂತೂ ಆ ವೈದ್ಯೆಯ ಮೇಲೆ ನಂಬಿಕೆ ಹುಟ್ಟಿದ್ದೇ ಆಗ.