ಲೈನೋ ಅಚ್ಚು ಎಲ್ಲಿಗೆ ಬಂತು: ಟ್ರಂಕು, ಹಾಲಿನ ಕ್ಯಾನು, ಒಂದು ಬಾಗಿಲು

ಮಳೆಗಾಲ ಪೂರ್ತಿ ಕೈಕಟ್ಟಿ ಕೂತಿದ್ದೆ. ಚಿಕ್ಕಮಗಳೂರಿನ ಜುಲೈ, ಆಗಸ್ಟ್‌ನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಎಣ್ಣೆ ಶಾಯಿ ಎಲ್ಲಿಂದ ಒಣಗಬೇಕು? ಜೂನ್‌ನಲ್ಲಿ ಹಗ್ಗಕ್ಕೆ ನೇತುಹಾಕಿದ ನಾಲ್ಕು ಹಾಳೆ ಹದಿನೈದು ದಿನ ಕಳೆದರೂ ಬೆರಳಿಗೆ ಅಂಟುತ್ತಿದ್ದವು. ಒಂದಕ್ಕೆ ಬೂಷ್ಟು ಹಿಡಿಯಿತು. ಈಗ ನವೆಂಬರ್. ಬಿಸಿಲು ಬಿದ್ದಿದೆ, ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಗಿದೆ, ನಾನೂ ಮತ್ತೆ ಉಳಿ ಹಿಡಿದಿದ್ದೇನೆ.

ಮೊದಲ ಸಲ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ಈಚೆಗೆ ತೀರಿಕೊಂಡ ಕಲಾವಿದರು, ನಿರ್ದೇಶಕರು, ಒಬ್ಬೊಬ್ಬರಿಗೂ ಒಂದೊಂದು ಲೈನೋ ಅಚ್ಚು ಮಾಡುತ್ತಿದ್ದೇನೆ, ಅಂದರೆ ಲೈನೋಲಿಯಂ ತುಂಡಿನಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ, ಹಾಳೆಗೆ ಒತ್ತುವುದು. ಅಂಗೈಗಿಂತ ಸ್ವಲ್ಪ ದೊಡ್ಡದು, ಬರೀ ಕಪ್ಪು ಬಿಳುಪು, ತಲಾ ಹತ್ತು ಪ್ರತಿ. ನಿಯಮ ಎರಡೇ. ಸುದ್ದಿ ಬಂದ ದಿನ ಏನೂ ಮಾಡಬಾರದು, ಅವರ ಒಂದು ಕೆಲಸವನ್ನಾದರೂ ಮತ್ತೆ ಪೂರ್ತಿ ನೋಡಿದ ಮೇಲೆಯೇ ಕೆತ್ತಬೇಕು. ಇನ್ನೊಂದು, ಮುಖ ಕೆತ್ತಬಾರದು.

ಮುಖ ಯಾಕೆ ಬೇಡ ಅಂದರೆ, ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಊರಲ್ಲಿ ಯಾರು ಹೋದರೂ ಶ್ರದ್ಧಾಂಜಲಿ ಬ್ಯಾನರ್‌ಗೆ ನಮ್ಮಲ್ಲಿಗೇ ಬರುತ್ತಾರೆ. ನೀಲಿ ಆಕಾಶ, ಆ ಕಡೆ ಈ ಕಡೆ ದೀಪ, ನಡುವೆ ಮುಖ. ಫೈಲು ಅದೇ, ಮುಖ ಮಾತ್ರ ಬದಲು. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದರಲ್ಲ, ಆ ವಾರ ಒಂದೇ ಫೋಟೊವನ್ನು ಎಷ್ಟು ಸಲ ಕತ್ತರಿಸಿ ಅಂಟಿಸಿದೆನೋ ಲೆಕ್ಕವಿಲ್ಲ. ಕೊನೆಗೆ ಕಣ್ಣು ಮುಚ್ಚಿದರೆ ಆ ಮನುಷ್ಯ ಕಾಣುತ್ತಿರಲಿಲ್ಲ, ಫೋಟೊದ ಅಂಚು ಕಾಣುತ್ತಿತ್ತು. ಆಗಲೇ ಅನ್ನಿಸಿದ್ದು, ಬೇರೆ ಏನಾದರೂ ಮಾಡಬೇಕು ಅಂತ.

ಮೊದಲ ಅಚ್ಚು ಸಂಚಾರಿ ವಿಜಯ್ ಅವರದು. ಕಡೂರು ತಾಲ್ಲೂಕಿನ ಪಂಚನಹಳ್ಳಿ ಕಡೆಯವರು, ನಮ್ಮ ಜಿಲ್ಲೆಯವರೇ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋದಾಗ ವಯಸ್ಸು ನಲವತ್ತೂ ಆಗಿರಲಿಲ್ಲ. ಅಂಗಾಂಗ ದಾನ ಮಾಡಿ ಪಂಚನಹಳ್ಳಿಗೆ ತಂದರು. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂದಿದ್ದರಿಂದ ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಮತ್ತೆ ನೋಡಿದ್ದು 'ಹರಿವು'. ಅದೇ ವರ್ಷ ಅದಕ್ಕೂ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರ ಪ್ರಶಸ್ತಿ ಬಂದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸತ್ತ ಮಗನ ಹೆಣವನ್ನು ಅಪ್ಪ ಟ್ರಂಕಿನಲ್ಲಿಟ್ಟು ಊರಿಗೆ ಸಾಗಿಸುವ ಕಥೆ. ಅಪ್ಪನ ಪಾತ್ರ ವಿಜಯ್ ಅವರದು. ನೋಡಿ ಮುಗಿಸಿದ ಮೇಲೆ ಬೇರೇನೂ ಯೋಚಿಸಲಿಲ್ಲ. ಟ್ರಂಕು ಕೆತ್ತಿದೆ. ಬೀಗ, ಹಿಡಿ, ಒಂದು ಮೂಲೆಯಲ್ಲಿ ನೆಗ್ಗು, ಅಷ್ಟೇ.

ಅದನ್ನು ಅಂಗಡಿಯ ಗೋಡೆಗೆ ಹಾಕಿದ್ದೇನೆ. ಪಹಣಿ ಜೆರಾಕ್ಸಿಗೆ ಬಂದ ಒಬ್ಬರು ಅದನ್ನೇ ದಿಟ್ಟಿಸಿ, 'ಟ್ರಂಕೂ ಮಾರ್ತೀರಾ?' ಅಂದರು. ಇಲ್ಲ ಅಂದೆ. ಯಾಕೆ ಹಾಕಿದ್ದೀನಿ ಅಂತ ಹೇಳಿದೆ. ಅವರು ಕೊಟ್ಟ ಹಣದ ಚಿಲ್ಲರೆಯನ್ನೂ ಇಸ್ಕೊಳ್ಳದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

ಎರಡನೆಯದು ಶ್ಯಾಮ್ ಬೆನಗಲ್. 2024ರ ಡಿಸೆಂಬರ್ 14ಕ್ಕೆ ತೊಂಬತ್ತು ತುಂಬಿ, 23ಕ್ಕೆ ತೀರಿಕೊಂಡರು. 'ಮಂಥನ್' ಹಾಕಿಕೊಂಡು ಕೂತೆ. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಸಿನಿಮಾ ಅದು, 1976ರದ್ದು. ಬಿಡುಗಡೆಯಾದಾಗ ತಮ್ಮ ಸಿನಿಮಾ ನೋಡಲು ರೈತರು ಲಾರಿ ತುಂಬ ಬಂದರಂತೆ. ಹಾಳಾಗಿದ್ದ ಅದರ ಪ್ರಿಂಟನ್ನು ಸರಿಮಾಡಿ 2024ರ ಮೇನಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದನ್ನು ಕಂಡೇ ಅವರು ಹೋದರು ಅನ್ನುವುದೊಂದು ಸಮಾಧಾನ. ಪಶುವೈದ್ಯನಾಗಿ ಗಿರೀಶ್ ಕಾರ್ನಾಡ್ ಇರುವುದು ನೆನಪಿತ್ತು. ಅನಂತ್ ನಾಗ್ ಕೂಡ ಇದ್ದಾರೆ ಅನ್ನುವುದೇ ಮರೆತುಹೋಗಿತ್ತು! ಒಂದನೇ ನಿಯಮ ಇಟ್ಟುಕೊಂಡಿದ್ದು ಇದಕ್ಕೇ.

ಏನು ಕೆತ್ತಬೇಕು ಅನ್ನುವುದಕ್ಕೆ ಯೋಚನೆಯೇ ಬೇಕಾಗಲಿಲ್ಲ. ನಮ್ಮಮ್ಮ ವರ್ಷಗಟ್ಟಲೆ ಬೆಳಗ್ಗೆ ಆರಕ್ಕೆ ಡೈರಿಗೆ ಹಾಲು ಹಾಕಿದವರು. ಹಾಲಿನ ಗಟ್ಟಿತನ ಅಳೆದಾಗ ಡಿಗ್ರಿ ಕಮ್ಮಿ ಬಂತು ಅಂತ ಮುಖ ಊದಿಸಿಕೊಂಡು ಬರುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಎಲ್ಲೋ ಗುಜರಾತಿನ ಕಥೆ ಅಂತ ಅನ್ನಿಸಲೇ ಇಲ್ಲ. ಹಾಗಾಗಿ ಹಾಲಿನ ಕ್ಯಾನು, ಅದರ ಮುಚ್ಚಳದ ಮೇಲೆ ಎರಡು ರೂಪಾಯಿ ನೋಟು.

ಇಲ್ಲೇ ಮರ್ಯಾದೆ ಹೋಗಿದ್ದು. ಅಡಿಯಲ್ಲಿ ಹೆಸರು ಕೆತ್ತಿದೆ, ಶಾಯಿ ಹಚ್ಚಿದೆ, ಹಾಳೆ ಎತ್ತಿ ನೋಡಿದರೆ 'ಶ್ಯಾಮ್' ಉಲ್ಟಾ! ಯ ಒತ್ತು ಎಡಗಡೆ ನೇತಾಡುತ್ತಿದೆ. ಅಚ್ಚಿನಲ್ಲಿ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ, ಹೆಸರನ್ನು ತಿರುಗಿಸಿಯೇ ಕೆತ್ತಬೇಕು. ದಿನಾ ಕನ್ನಡ ಟೈಪ್ ಮಾಡುವವನಿಗೆ, ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಿ ತಿರುಗಿಸಿ ಪ್ರಿಂಟ್ ತೆಗೆಯಬಹುದು ಅಂತ ಹೊಳೆಯಲಿಲ್ಲ. ಹೆಸರಿನ ಪಟ್ಟಿಯನ್ನು ಕತ್ತರಿಸಿ ತೆಗೆದು, ಬೇರೆ ತುಂಡಿನಲ್ಲಿ ಕೆತ್ತಿ ಅಂಟಿಸಿದೆ. ಹತ್ತಿರ ಹೋಗಿ ನೋಡಿದರೆ ಜೋಡಣೆ ಕಾಣುತ್ತದೆ. ಹತ್ತಿರ ಹೋಗಬೇಡಿ.

ಕೆಲಸ ಕಲಿಯುವವರಿಗೆ ಒಂದೆರಡು ಮಾತು. ಚಳಿಗೆ ಲೈನೋ ಬಿರುಸಾಗುತ್ತದೆ, ಉಳಿ ಜಾರಿ ಎಡಗೈ ಬೆರಳಿಗೇ ಬರುತ್ತದೆ (ನನಗೆ ಎರಡು ಹೊಲಿಗೆ). ಕೆತ್ತುವ ಮುಂಚೆ ಸ್ವಲ್ಪ ಬಿಸಿ ಮಾಡಿದರೆ ಬೆಣ್ಣೆ ಹಾಗೆ ಬರುತ್ತದೆ. ನಾನು ಬೆಳಗಿಂದ ಓಡಿದ ಜೆರಾಕ್ಸ್ ಮಷಿನ್ ಮೇಲೆ ಹತ್ತು ನಿಮಿಷ ಇಡುತ್ತೇನೆ. ಪ್ರೆಸ್ ಇಲ್ಲ, ಹಾಳೆಯ ಬೆನ್ನನ್ನು ಮರದ ಸೌಟಿನ ಹಿಂಭಾಗದಿಂದ ಉಜ್ಜುವುದು. ಆ ಸೌಟು ಈಗ ಅಡುಗೆಮನೆಗೆ ವಾಪಸ್ ಹೋಗುವ ಹಾಗಿಲ್ಲ. ಅದರ ಬಗ್ಗೆ ಮನೆಯಲ್ಲಿ ಮಾತುಕತೆ ಇನ್ನೂ ಮುಗಿದಿಲ್ಲ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು. ಅಪರ್ಣಾ ವಸ್ತಾರೆ. ಇವರೂ ಪಂಚನಹಳ್ಳಿಯಲ್ಲಿ ಹುಟ್ಟಿದವರು ಅಂತ ತಿಳಿದಾಗ ಕಡೂರಿನ ಸ್ನೇಹಿತನಿಗೆ ಫೋನ್ ಮಾಡಿ 'ಏನಯ್ಯಾ ನಿಮ್ಮ ನೀರಿನಲ್ಲಿ ಏನಿದೆ' ಅಂತ ಕೇಳಿದೆ. ಪುಟ್ಟಣ್ಣ ಕಣಗಾಲ್ ಅವರ ಕೊನೆಯ ಚಿತ್ರ 'ಮಸಣದ ಹೂವು' ಮೂಲಕ ಬಂದವರು. ಆಮೇಲೆ ರೇಡಿಯೊ, ಚಂದನ, ಸಾವಿರಾರು ಸಭೆಗಳ ನಿರೂಪಣೆ, ನಮ್ಮ ಮೆಟ್ರೊದ ಕನ್ನಡ ದನಿ. 2024ರ ಜುಲೈ 11ಕ್ಕೆ ಕ್ಯಾನ್ಸರ್‌ನಿಂದ ಹೋದರು.

ದನಿಯನ್ನು ಹೇಗೆ ಕೆತ್ತುವುದು? ಮೈಕು ಬೇಡ ಅನ್ನಿಸಿತು, ಅದು ಯಾರದ್ದಾದರೂ ಆಗಬಹುದು. ಮಗಳನ್ನು ಕಾಲೇಜಿಗೆ ಬಿಡಲು ಬೆಂಗಳೂರಿಗೆ ಹೋದಾಗ ಮೆಟ್ರೊದಲ್ಲಿ ಒಂದು ಗಂಟೆ ಸುಮ್ನೆ ಆ ತುದಿಗೆ ಹೋಗಿ ಈ ತುದಿಗೆ ಬಂದೆ. 'ಮುಂದಿನ ನಿಲ್ದಾಣ' ಅನ್ನುತ್ತಿದ್ದರು, ಪ್ರತಿ ನಿಲ್ದಾಣದಲ್ಲೂ, ಒಂದು ಅಕ್ಷರವೂ ಜಾರದ ಹಾಗೆ. ನಿಲ್ದಾಣದ ಹೆಸರಿನ ಒತ್ತಕ್ಷರ, ಮಹಾಪ್ರಾಣ ಎಲ್ಲ ಸ್ಪಷ್ಟ. ಸುತ್ತ ಇದ್ದವರು ಮೊಬೈಲ್ ನೋಡುತ್ತಿದ್ದರು, ಆದರೂ ತಮ್ಮ ನಿಲ್ದಾಣ ಬಂದಾಗ ತಲೆ ಎತ್ತದೆಯೇ ಎದ್ದು ಬಾಗಿಲ ಕಡೆ ನಡೆಯುತ್ತಿದ್ದರು. ಆ ದನಿ ಕಿವಿಗೆ ಬೀಳುತ್ತಿದೆ ಅಂತ ಅವರಿಗೂ ಗೊತ್ತಿಲ್ಲ.

ಹಾಗಾಗಿ ಬಾಗಿಲು ಕೆತ್ತಿದೆ. ಅರ್ಧ ತೆರೆದ ಮೆಟ್ರೊ ಬಾಗಿಲು, ನಡುವೆ ಬೆಳಕಿನ ಪಟ್ಟಿ. ಎಡಗಡೆಯ ಬಾಗಿಲು ಅಚ್ಚಿನಲ್ಲಿ ಬಲಗಡೆ ಬರುತ್ತದಲ್ವಾ? ಈ ಸಲ ಮೊದಲೇ ತಿರುಗಿಸಿಕೊಂಡೆ. ಬಾಗಿಲು ತೆರೆಯುವುದು ಎಡಕ್ಕೋ ಬಲಕ್ಕೋ ಅಂತ ತಪ್ಪಿ ಹೇಳಿದವರಲ್ಲ ಅವರು, ಅವರ ಅಚ್ಚಿನಲ್ಲಿ ನಾನು ತಪ್ಪಿದರೆ ಹೇಗೆ?

ಇನ್ನು ಸೋತ ಕಥೆ. ದ್ವಾರಕೀಶ್, 2024ರ ಏಪ್ರಿಲ್ 16. ಮೂರು ಸಲ ಕೆತ್ತಿದೆ, ಮೂರೂ ಬಿಸಾಕಿದೆ. ನಿರ್ಮಾಪಕರಾಗಿ ಅವರ ಲೆಕ್ಕ ದೊಡ್ಡದು. 1969ರ 'ಮೇಯರ್ ಮುತ್ತಣ್ಣ'ದಲ್ಲಿ ಸಿದ್ದಲಿಂಗಯ್ಯ ಅವರನ್ನು ನಿರ್ದೇಶಕರನ್ನಾಗಿ ಮಾಡಿದವರು ಇವರೇ. ಅದೇ ಸಿದ್ದಲಿಂಗಯ್ಯ ಮುಂದೆ ನಮ್ಮ ಕಳಸಾಪುರಕ್ಕೆ ಬಂದು, ಹಾಸನದ ಗೊರೂರರ ಕಥೆ ಇಟ್ಟುಕೊಂಡು 'ಭೂತಯ್ಯನ ಮಗ ಅಯ್ಯು' ತೆಗೆದರು. ಆ ಲೆಕ್ಕದಲ್ಲಿ ನಮ್ಮ ಊರ ಕಡೆಯವರಿಗೆ ದ್ವಾರಕೀಶ್ ಋಣ ಇದೆ. ಆದರೆ ಏನು ಕೆತ್ತಲಿ? ಕ್ಲಾಪ್ ಬೋರ್ಡ್ ಕೆತ್ತಿದೆ, ಶಾಲಾ ಸ್ಲೇಟಿನ ಹಾಗೆ ಕಂಡಿತು. ಫಿಲ್ಮ್ ಡಬ್ಬಿ ಕೆತ್ತಿದೆ, ದೋಸೆ ಕಾವಲಿ ಅಂದರು. ಟೋಪಿ ಅಂತೂ ಕೇಳಬೇಡಿ. ಆ ಮನುಷ್ಯ ಪರದೆಗೆ ಬಂದರೆ ಮೈ, ಕಣ್ಣು, ನಡಿಗೆ ಎಲ್ಲವೂ ನಗಿಸುತ್ತಿದ್ದವು. ಅದನ್ನೆಲ್ಲ ಬಿಟ್ಟು ಪಕ್ಕದಲ್ಲಿದ್ದ ವಸ್ತು ಹಿಡಿದರೆ ಅವರೇ ಇರುವುದಿಲ್ಲ. ನನ್ನ ಎರಡನೇ ನಿಯಮ ಅಲ್ಲಾಡಿದ್ದು ಅಲ್ಲಿ.

ಪೂರ್ತಿ ಮುರಿದವರು ಅಮ್ಮ. 2025ರ ಜುಲೈ 14ಕ್ಕೆ ಬಿ. ಸರೋಜಾದೇವಿ ಹೋದರು, ಎಂಬತ್ತೇಳು ವರ್ಷ. ಮಳೆಯಲ್ಲಿ ಮನೆಯೊಳಗೆ ಕೂತು ಅಮ್ಮನ ಜೊತೆ 1961ರ 'ಕಿತ್ತೂರು ಚೆನ್ನಮ್ಮ' ನೋಡಿದೆ. 1955ರಲ್ಲಿ 'ಮಹಾಕವಿ ಕಾಳಿದಾಸ'ದಿಂದ ಶುರು ಮಾಡಿ, ತಮಿಳು, ತೆಲುಗು, ಹಿಂದಿ ಎಲ್ಲ ಕಡೆ ಮೆರೆದವರು. ನಾನು ಕತ್ತಿಯ ಚಿತ್ರ ಬರೆದು ತೋರಿಸಿದೆ.

ಅಮ್ಮ ಕನ್ನಡಕ ಏರಿಸಿ ನೋಡಿದರು. 'ಇದೇನೋ ಇದು, ತರಕಾರಿ ಹೆಚ್ಚೋ ಚಾಕು. ಸರೋಜಾದೇವಿ ಅಂದ್ರೆ ಮುಖ ಕಣೋ. ಆ ಕಣ್ಣು ನೋಡಕ್ಕೇ ಅಲ್ವಾ ನಾವು ನಡ್ಕೊಂಡು ಟೆಂಟಿಗೆ ಹೋಗ್ತಿದ್ದದ್ದು' ಅಂದರು.

ವಾದ ಮಾಡಲಿಲ್ಲ. ಸರೋಜಾದೇವಿ ಹೋದ ದಿನ ಅವರ ಕಣ್ಣು ದಾನ ಮಾಡಿದ ಸುದ್ದಿಯೂ ನೆನಪಾಯಿತು. ಕಣ್ಣು ಮಾತ್ರ ಕೆತ್ತಿದರೆ ಅದು ಮುಖವೋ, ವಸ್ತುವೋ? ನಾನು ವಸ್ತು ಅನ್ನುತ್ತೇನೆ, ಅಮ್ಮ ಮುಖ ಅನ್ನುತ್ತಾರೆ. ಪೆನ್ಸಿಲ್ ಕೆಲಸ ಮುಗಿದಿದೆ. ಎಡಗಣ್ಣಿನ ರೆಪ್ಪೆ ಅರ್ಧ ಕೆತ್ತಿದ್ದೇನೆ. ತೀರ ಸಣ್ಣ, ವಿ ಆಕಾರದ ಮೊನೆಯ ಉಳಿ ಬೇಕಾಗಿದೆ, ಆರ್ಡರ್ ಹಾಕಿದ್ದೇನೆ.

ಅದಾದ ಮೇಲೆ ಭೈರಪ್ಪ. ಕಾದಂಬರಿಕಾರರು ಈ ಸಾಲಿಗೆ ಬರುತ್ತಾರಾ ಅಂತ ನನ್ನ ತಮ್ಮ ತಗಾದೆ ತೆಗೆದ. 'ವಂಶವೃಕ್ಷ'ದಿಂದ 'ನಾಯಿ ನೆರಳು' ತನಕ ನಮ್ಮ ಒಳ್ಳೆಯ ನಿರ್ದೇಶಕರಿಗೆ ಕಥೆ ಕೊಟ್ಟವರನ್ನು ಬಿಡುವುದು ಹೇಗೆ? ಬರುವ ಭಾನುವಾರ ಸ್ಕೂಟರಿನಲ್ಲಿ ಚನ್ನರಾಯಪಟ್ಟಣ ದಾಟಿ ಸಂತೇಶಿವರಕ್ಕೆ ಹೋಗಿ ಬರುತ್ತೇನೆ. ಏನು ಕೆತ್ತಬೇಕು ಅನ್ನುವುದು ಅಲ್ಲಿ ನೋಡಿದ ಮೇಲೆ.

ದ್ವಾರಕೀಶ್ ತುಂಡನ್ನು ಮತ್ತೆ ಹೊರಗೆ ತೆಗೆದಿಟ್ಟಿದ್ದೇನೆ. ಸರೋಜಾದೇವಿ ಅವರಿಗೆ ಕಣ್ಣು ಆದರೆ, ಇವರಿಗೂ ಕಣ್ಣು ಯಾಕಾಗಬಾರದು? ಮಷಿನ್ ಮೇಲೆ ಬಿಸಿಯಾಗುತ್ತಿದೆ.