ಮಲಬಾರ್ ಗುಳಿಮಂಡಲ: ಒಂದು ವಿಶ್ವಕೋಶ ಲೇಖನದ ಜೊತೆ ಒಂದು ಮಳೆಗಾಲ

ಮೇ 30

ಈ ಮಳೆಗಾಲದಲ್ಲಿ ಒಂದೇ ಲೇಖನವನ್ನು ಕೈಗೆತ್ತಿಕೊಳ್ಳುವುದೆಂದು ನಿರ್ಧರಿಸಿದ್ದೇನೆ. ಅಂತರಜಾಲದ ಒಂದು ಮುಕ್ತ ಕನ್ನಡ ವಿಶ್ವಕೋಶದಲ್ಲಿ ಮಲಬಾರ್ ಗುಳಿಮಂಡಲದ ಬಗ್ಗೆ ಇರುವುದು ನಾಲ್ಕು ವಾಕ್ಯ. ಮೊದಲನೆಯದು ಅದು ವಿಷದ ಹಾವು ಎನ್ನುತ್ತದೆ. ಎರಡನೆಯದು ಪಶ್ಚಿಮ ಘಟ್ಟದಲ್ಲಿದೆ ಎನ್ನುತ್ತದೆ. ಮೂರನೆಯದರ ಪ್ರಕಾರ ಅದರ ಬಣ್ಣ ಹಸಿರು. ನಾಲ್ಕನೆಯದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ: 'ಇದರ ಕಡಿತಕ್ಕೆ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಪ್ರತಿವಿಷ ಲಭ್ಯವಿದೆ.' ಆ ಮಾತು ನಿಜವಲ್ಲ. ಅಡಿಕೆ, ಏಲಕ್ಕಿ, ಕಾಫಿ ತೋಟಗಳ ನಡುವೆ ಬದುಕುವ ನಮ್ಮಂಥವರು ಈ ಹಾವಿನ ನೆರೆಯವರು. ಯಾರಿಗೋ ಕಡಿತವಾದ ರಾತ್ರಿ ಮನೆಯ ಹುಡುಗನೊಬ್ಬ ಮೊಬೈಲಿನಲ್ಲಿ ಹುಡುಕಿ ಓದುವುದು ಇದೇ ಪುಟವನ್ನು. ಆದ್ದರಿಂದ ಮೊದಲ ದಿನವೇ ನಾಲ್ಕನೆಯ ವಾಕ್ಯವನ್ನು ತೆಗೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಇನ್ನೂ ಗೊತ್ತಾಗಿಲ್ಲ. ಖಾಲಿ ಜಾಗ ತಪ್ಪಿಗಿಂತ ಮೇಲು ಎಂದು ಚರ್ಚಾಪುಟದಲ್ಲಿ ಬರೆದಿಟ್ಟಿದ್ದೇನೆ.

ಜೂನ್ 7

ಇಡೀ ವಾರ ಹೋದದ್ದು ಹೆಸರಿಗೆ.

ನಮ್ಮ ಊರಿನಲ್ಲಿ ಈ ಹಾವಿಗೆ ಅದರದ್ದೇ ಆದ ಹೆಸರನ್ನು ನಾನು ಕೇಳಿಲ್ಲ. ಹಸಿರಾಗಿ ಕಂಡರೆ 'ಹಸಿರು ಹಾವು' ಎನ್ನುತ್ತಾರೆ, ಕಂದು ಬಣ್ಣದ್ದು ಕಂಡರೆ 'ಯಾವುದೋ ಮಂಡಲ' ಎನ್ನುತ್ತಾರೆ. ಒಂದೇ ಹಾವು ಬಣ್ಣ ಬೇರೆಯಾದ ಮಾತ್ರಕ್ಕೆ ಎರಡು ಹೆಸರು ಪಡೆಯುತ್ತದೆ; ಹಸಿರು ಹಾವು ಎಂಬ ಒಂದೇ ಹೆಸರಿನೊಳಗೆ ಎರಡು ಬೇರೆ ಬೇರೆ ಹಾವುಗಳು ಸೇರಿಕೊಳ್ಳುತ್ತವೆ. ಲೇಖನದ ಶೀರ್ಷಿಕೆಯನ್ನು 'ಹಸಿರು ಮಂಡಲ' ಎಂದು ಬದಲಿಸಬೇಕೆಂದು ಮತ್ತೊಬ್ಬ ಸಂಪಾದಕರು ಕೇಳಿದ್ದರು. ಹೆಸರು ಸರಳವಾಗಿದೆ, ನಿಜ. ಆದರೆ ಕಂದು ಬಣ್ಣದ್ದನ್ನು ಕಂಡವರು ಈ ಪುಟಕ್ಕೆ ಬರುವುದೇ ಇಲ್ಲ. ನನ್ನ ಆಕ್ಷೇಪಣೆಯನ್ನು ಅವರು ಒಪ್ಪಿಕೊಂಡರು. ಗುಳಿಮಂಡಲ ಉಳಿಯಿತು.

ಆ ಪದದ ಬಗ್ಗೆ ಯೋಚಿಸಿದಷ್ಟೂ ನನಗೆ ಪ್ರೀತಿ ಹೆಚ್ಚುತ್ತಿದೆ. ಕೆನ್ನೆಯಲ್ಲಿ ಗುಳಿ ಬೀಳುವುದು ಎನ್ನುತ್ತೇವಲ್ಲ, ಅದೇ ಗುಳಿ. ಈ ಹಾವಿನ ಮುಖದಲ್ಲಿ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಎರಡೂ ಬದಿಯಲ್ಲಿ ಒಂದೊಂದು ಗುಳಿ ಇದೆ. ಇನ್ನು 'ಮಂಡಲ' ನಿನ್ನೆ ಮೊನ್ನೆಯದಲ್ಲ. ಸುಶ್ರುತ ಸಂಹಿತೆ ವಿಷದ ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಂಗಡಿಸುತ್ತದೆ: ಹೆಡೆಯುಳ್ಳವು, ಮೈಮೇಲೆ ಮಂಡಲಗಳುಳ್ಳವು, ಪಟ್ಟೆಗಳುಳ್ಳವು. ಕೊಳಕುಮಂಡಲ, ಗರಗಸ ಮಂಡಲ ಎಂದು ಇಂದಿಗೂ ಹೇಳುವಾಗ ಆ ಹಳೆಯ ವಿಂಗಡಣೆ ನಮ್ಮ ಬಾಯಲ್ಲಿ ಉಳಿದಿದೆ. ಲೇಖನದ 'ಹೆಸರು' ವಿಭಾಗಕ್ಕೆ ಇದನ್ನು ಎರಡು ವಾಕ್ಯದಲ್ಲಿ ಸೇರಿಸಿದೆ. ಬೇರೆ ಭಾಷೆಯ ಲೇಖನವನ್ನು ಅನುವಾದಿಸಿದ್ದರೆ ಇದು ಸಿಗುತ್ತಿರಲಿಲ್ಲ.

ಜೂನ್ 15

ವೈಜ್ಞಾನಿಕ ಹೆಸರು. ಲೇಖನದಲ್ಲಿ ಟ್ರೈಮೆರೆಸುರಸ್ ಮಲಬಾರಿಕಸ್ ಎಂದಿತ್ತು. ಹಳೆಯ ಪುಸ್ತಕಗಳಲ್ಲೆಲ್ಲ ಇರುವುದು ಅದೇ. ಈಗ ಒಪ್ಪಿತವಾಗಿರುವುದು ಕ್ರಾಸ್ಪೆಡೋಸೆಫಾಲಸ್ ಮಲಬಾರಿಕಸ್. ಬದಲಾಯಿಸಿ, ಹಳೆಯದನ್ನು ಸಮಾನನಾಮಗಳ ಸಾಲಿನಲ್ಲಿ ಉಳಿಸಿದ್ದೇನೆ.

ಈ ಹಾವನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವರು ಥಾಮಸ್ ಜೆರ್ಡನ್. ಅವರು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇವೆಯಲ್ಲಿದ್ದ ವೈದ್ಯರು. ಹಕ್ಕಿಗಳ ಅಧ್ಯಯನಕ್ಕೆ ಹೆಚ್ಚು ಹೆಸರಾದವರು. ಅವರ ವಿವರಣೆ ಬಂದದ್ದು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ. ಇಸವಿಯ ವಿಷಯದಲ್ಲಿ ಅರ್ಧ ದಿನ ತೊಡಕಾಯಿತು. ಸಂಪುಟ 1853ರದ್ದು, ಆದರೆ ಹೆಸರಿನ ಪಕ್ಕದಲ್ಲಿ ಎಲ್ಲರೂ ಬರೆಯುವುದು 1854. ಸಂಪುಟದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ. ಹೆಸರಿಗೆ ಲೆಕ್ಕ ಅಚ್ಚಾದ ವರ್ಷದ್ದು. 1854 ಎಂದೇ ಹಾಕಿದೆ.

ಅದಕ್ಕಿಂತ ದೊಡ್ಡ ಬದಲಾವಣೆ ವ್ಯಾಪ್ತಿಯದು. ಬಹಳ ಕಾಲ ಪಶ್ಚಿಮ ಘಟ್ಟದ ಉದ್ದಕ್ಕೂ ಇರುವುದು ಒಂದೇ ಪ್ರಭೇದ ಎಂದುಕೊಂಡಿದ್ದರು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಡಿಎನ್‌ಎ, ಹುರುಪೆಗಳ ಎಣಿಕೆ, ದೇಹದ ಅಳತೆ, ನೆಲೆಯ ಭೂಗೋಳ ಇವೆಲ್ಲವನ್ನೂ ಒಟ್ಟಿಗೆ ನೋಡಿ, ಕೇರಳದ ಪಾಲಕ್ಕಾಡ್ ಕಣಿವೆಯ ದಕ್ಷಿಣದವು ಬೇರೆ ಎಂದು ತೋರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಅದರಲ್ಲಿದ್ದರು. ಆ ದಕ್ಷಿಣದ ಹಾವಿಗೆ 1864ರಲ್ಲಿ ಪ್ರಾಣಿಶಾಸ್ತ್ರಜ್ಞ ಆಲ್ಬರ್ಟ್ ಗುಂತರ್ ಆನೆಮಲೈ ಬೆಟ್ಟಗಳ ಹೆಸರಿಟ್ಟಿದ್ದರು. ನಡುವೆ ಕೈಬಿಟ್ಟಿದ್ದ ಆ ಹೆಸರು ಮತ್ತೆ ಬಂದಿದೆ. ಕರ್ನಾಟಕದವೆಲ್ಲ ಕಣಿವೆಯ ಉತ್ತರದವು. ಅಂದರೆ ಜೆರ್ಡನ್ ಇಟ್ಟ ಹೆಸರು ನಮ್ಮ ತೋಟದ ಹಾವಿಗೆ ಈಗಲೂ ಸಲ್ಲುತ್ತದೆ.

ಇದರಿಂದ ನನಗೆ ಕೆಲಸ ಹೆಚ್ಚಾಯಿತು. 2021ಕ್ಕಿಂತ ಹಿಂದೆ ಬರೆದ ಯಾವುದೇ ಅಳತೆ, ಆಹಾರ, ಮರಿಗಳ ಸಂಖ್ಯೆ ಎರಡು ಪ್ರಭೇದಗಳದ್ದು ಬೆರೆತಿರಬಹುದು. ಎಲ್ಲಿ ಸಂಗ್ರಹಿಸಿದ ಮಾದರಿ ಎಂದು ತಿಳಿಯದ ಅಂಕಿಗಳನ್ನು ಬಿಟ್ಟುಬಿಟ್ಟೆ. ಲೇಖನ ತೆಳ್ಳಗಾಯಿತು. ಆದರೂ ಉಳಿದದ್ದರ ಮೇಲೆ ನನಗೆ ನಂಬಿಕೆ ಇದೆ.

ಜೂನ್ 28

ಇಂದು ತೋಟದಲ್ಲಿ ಒಂದು ಸಿಕ್ಕಿತು.

ಮೂರು ದಿನದಿಂದ ಬಿಡದ ಮಳೆ. ಸಂಜೆ ಹಳ್ಳದ ಬದಿಯ ಕೊನೆಯ ಸಾಲಿನಲ್ಲಿ ಹೋಗುತ್ತಿದ್ದಾಗ ಮೆಣಸಿನ ಬಳ್ಳಿಯ ನಡುವೆ, ನನ್ನ ಎದೆಯ ಎತ್ತರದಲ್ಲಿ, ಒಣಗಿದ ಎಲೆಯೊಂದು ಸಿಕ್ಕಿಕೊಂಡಂತೆ ಕಂಡಿತು. ಟಾರ್ಚ್ ಬಿಟ್ಟಾಗ ಎಲೆಗೆ ಕಣ್ಣಿತ್ತು. ಇಟ್ಟಿಗೆ ಬಣ್ಣದ ಮೈ, ಬೆನ್ನಿನ ಮೇಲೆ ಗಾಢ ಮಚ್ಚೆಗಳು, ಕಣ್ಣಿನ ಹಿಂದೆ ಕಪ್ಪು ಗೆರೆ. ಬಾಲದ ತುದಿ ಬಳ್ಳಿಗೆ ಸುತ್ತಿಕೊಂಡಿತ್ತು. ತಲೆ ಕೆಳಮುಖವಾಗಿ ಹಳ್ಳದ ಕಡೆಗೆ ಇತ್ತು. ಕಪ್ಪೆಗಳು ಕೂಗುತ್ತಿದ್ದದ್ದೂ ಆ ಕಡೆಯೇ. ಎರಡು ಮಾರು ದೂರದಲ್ಲಿ ನಿಂತು ಚಿತ್ರ ತೆಗೆದೆ. ಅದು ಒಂದಿಷ್ಟೂ ಕದಲಲಿಲ್ಲ.

ಲೇಖನದಲ್ಲಿದ್ದ 'ಬಣ್ಣ ಹಸಿರು' ಎಂಬ ವಾಕ್ಯ ಈ ರಾತ್ರಿಯೇ ಹೋಯಿತು. ಹಸಿರು, ಹಳದಿ, ಕಂದು, ಕಿತ್ತಳೆ, ನೀಲಿ ಬೆರೆತ ಹಸಿರು, ಇಷ್ಟೂ ಬಣ್ಣಗಳಲ್ಲಿ ಈ ಒಂದೇ ಪ್ರಭೇದ ಸಿಗುತ್ತದೆ. ಆದ್ದರಿಂದ ಬಣ್ಣವನ್ನು ಗುರುತಿನ ಮೊದಲ ಸಾಲಿನಿಂದ ತೆಗೆದು, ಆಕಾರವನ್ನು ಮುಂದೆ ತಂದಿದ್ದೇನೆ: ತ್ರಿಕೋನದ ಅಗಲ ತಲೆ, ಸಪೂರ ಕುತ್ತಿಗೆ, ನಿಂತ ಗೆರೆಯಂಥ ಕಣ್ಣಪಾಪೆ, ಮುಖದ ಗುಳಿ, ಕೊಂಬೆಯನ್ನು ಹಿಡಿಯುವ ಬಾಲ. ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆದದ್ದು ದಾಖಲಾಗಿದ್ದರೂ ಸಾಮಾನ್ಯವಾಗಿ ಕಾಣುವುದು ಅದಕ್ಕಿಂತ ಗಿಡ್ಡ.

ಜುಲೈ 2

ಹಾವು ಅದೇ ಬಳ್ಳಿಯಲ್ಲಿದೆ, ಅಂದಿನಿಂದ ಐದನೆಯ ದಿನ. ಹಗಲು ಒಂದು ಗೇಣು ಮೇಲೆ, ರಾತ್ರಿ ಒಂದು ಗೇಣು ಕೆಳಗೆ. ಬೇಟೆಯನ್ನು ಅಟ್ಟಿಸಿಕೊಂಡು ಹೋಗದೆ, ಕೂತಲ್ಲೇ ಕಾದು ಹಿಡಿಯುವ ಹಾವು ಇದು ಎಂದು ಓದಿ ಬರೆದಿದ್ದೆ. ಈಗ ಕಣ್ಣಾರೆ ಕಂಡೆ. ನನ್ನ ಸ್ವಂತ ವೀಕ್ಷಣೆಯನ್ನು ಲೇಖನಕ್ಕೆ ಸೇರಿಸುವಂತಿಲ್ಲ, ವಿಶ್ವಕೋಶದ ನಿಯಮ ಅದು, ಸರಿಯಾದ ನಿಯಮ. ಆ ಸಾಲಿನಲ್ಲಿ ಕೆಲಸ ಬೇಡವೆಂದು ಮನೆಯವರಿಗೂ ಕೆಲಸಕ್ಕೆ ಬರುವವರಿಗೂ ಹೇಳಿ, ಎರಡು ಅಡಿಕೆ ಮರಗಳಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ.

ಮಾಹಿತಿ ಚೌಕ, ವರ್ಗಗಳು, ಬೇರೆ ಭಾಷೆಗಳ ಕೊಂಡಿಗಳು ಮುಗಿದವು.

ಜುಲೈ 11

ಬೇಟೆಯ ಶಾಖವನ್ನು ಹಾವಿಗೆ ತಿಳಿಸುವ ಗುಳಿಯ ವಿಭಾಗ ಬರೆಯುವುದು ಖುಷಿ ಕೊಟ್ಟಿತು. ಗುಳಿಯೊಳಗೆ ತೆಳುವಾದ ಒಂದು ಪೊರೆ ಚಾಚಿಕೊಂಡಿರುತ್ತದೆ, ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದೆರಡು ಭಾಗ ಮಾತ್ರ. ಮುಂದೆಯೂ ಗಾಳಿ, ಹಿಂದೆಯೂ ಗಾಳಿ. ಆದ್ದರಿಂದ ಇಲಿಯ ಮೈಯಿಂದ ಬರುವ ಶಾಖ ಅದನ್ನು ಥಟ್ಟನೆ ಬೆಚ್ಚಗಾಗಿಸುತ್ತದೆ, ಇಲಿ ಸರಿದರೆ ಅಷ್ಟೇ ಬೇಗ ಆರುತ್ತದೆ. ಪೊರೆಯ ನರತುದಿಗಳಲ್ಲಿ ಶಾಖಕ್ಕೆ ಸ್ಪಂದಿಸುವ ಪ್ರೋಟೀನ್ ಯಾವುದೆಂದು 2010ರಲ್ಲಿ ಅಮೆರಿಕದ ಬುಡುಬುಡಿಕೆ ಹಾವುಗಳ ಮೇಲೆ ನಡೆದ ಸಂಶೋಧನೆ ಪತ್ತೆಹಚ್ಚಿತು: ಟಿಆರ್‌ಪಿಎ1. ನಮ್ಮ ದೇಹದಲ್ಲಿ ಸಾಸಿವೆಯ ಘಾಟಿಗೆ ಸ್ಪಂದಿಸುವುದೂ ಅದೇ ಕುಟುಂಬದ ಅದೇ ಹೆಸರಿನ ಪ್ರೋಟೀನ್. ಒಗ್ಗರಣೆಯ ಘಾಟು ಮೂಗಿಗೆ ಏರಿದಾಗ ಇನ್ನು ಮುಂದೆ ನನಗೆ ಆ ಬಳ್ಳಿಯ ಹಾವು ನೆನಪಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪ್ರಯೋಗ ನಡೆದದ್ದು ನಮ್ಮ ಹಾವಿನ ಮೇಲಲ್ಲ. 'ಗುಳಿಮಂಡಲಗಳಲ್ಲಿ' ಎಂದು ಬಹುವಚನದಲ್ಲಿ ಬರೆದು, ಯಾವ ಹಾವಿನಲ್ಲಿ ತಿಳಿದದ್ದು ಎಂಬುದನ್ನೂ ಹೇಳಿದ್ದೇನೆ.

ಜುಲೈ 20

ಖಾಲಿ ಬಿಟ್ಟಿದ್ದ ಜಾಗಕ್ಕೆ ಮರಳಿದೆ. ಈ ಮಳೆಗಾಲದ ನಿಜವಾದ ಕೆಲಸ ಇದು.

ಸತ್ಯ ಇಷ್ಟು. ಭಾರತದಲ್ಲಿ ಸಿಗುವ ಪ್ರತಿವಿಷವನ್ನು ನಾಲ್ಕು ಹಾವುಗಳ ವಿಷ ಬಳಸಿ, ಕುದುರೆಗಳಲ್ಲಿ ತಯಾರಿಸುತ್ತಾರೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಗುಳಿಮಂಡಲ ಆ ನಾಲ್ಕರಲ್ಲಿಲ್ಲ. ಇದರ ಕಡಿತಕ್ಕೇ ಎಂದು ತಯಾರಾದ ಪ್ರತಿವಿಷ ದೇಶದಲ್ಲಿ ಇಲ್ಲ. ಕಡಿತದಿಂದ ತೀವ್ರ ನೋವು, ಊತ ಬರುತ್ತವೆ. ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಕೆಡುತ್ತದೆ. ಸಾವು ಬಹಳ ಅಪರೂಪ.

ಇಷ್ಟನ್ನೇ ಬರೆದು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಐವತ್ತು ವರ್ಷ ತೋಟದಲ್ಲಿ ಕೆಲಸ ಮಾಡಿದವರು. ಕೇಳಿ, ಅಡಿಕೆ ಸುಲಿಯುವುದನ್ನು ನಿಲ್ಲಿಸದೆಯೇ ಕೇಳಿದರು: "ಮದ್ದೂ ಇಲ್ಲ, ಸಾಯುವುದೂ ಇಲ್ಲ ಎಂದ ಮೇಲೆ ಆಸ್ಪತ್ರೆಗೆ ಯಾಕೆ ಹೋಗಬೇಕು ಮಾರಾಯ? ಊರಿನಲ್ಲೇ ಬೇರು ಅರೆದು ಹಚ್ಚಿದರೆ ಸಾಲದೇ?"

ನಾನು ಬರೆದದ್ದರಲ್ಲಿ ಒಂದು ಪದವೂ ಸುಳ್ಳಾಗಿರಲಿಲ್ಲ. ಆದರೂ ಓದಿದವರು ತಪ್ಪು ದಾರಿ ಹಿಡಿಯುವಂತಿತ್ತು. ಆ ಪುಟ್ಟ ಪರಿಚ್ಛೇದವನ್ನು ಮತ್ತೆ ಬರೆಯಬೇಕು.

ಜುಲೈ 24

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಮೂರು ಕಡೆಯಿಂದ ಸಿಕ್ಕಿತು.

ಒಂದು, ಕತ್ತಲಲ್ಲಿ ಕಚ್ಚಿದ್ದು ಗುಳಿಮಂಡಲವೇ ಎಂದು ಖಚಿತವಾಗಿ ಹೇಳುವವರು ಯಾರು? ಅದು ಕೊಳಕುಮಂಡಲವಾಗಿದ್ದರೆ ಪ್ರತಿವಿಷ ಜೀವ ಉಳಿಸುತ್ತದೆ, ತಡವಾದ ಪ್ರತಿ ಗಂಟೆಯೂ ಮೂತ್ರಪಿಂಡದ ಮೇಲೆ ಬೀಳುತ್ತದೆ. ನೆಲದ ತರಗೆಲೆಯಲ್ಲಿರುವ ಗೂನುಮೂಗಿನ ಗುಳಿಮಂಡಲವೂ ನಮ್ಮ ಘಟ್ಟದಲ್ಲಿದೆ. ಅದರ ಕಡಿತದಿಂದ ಮೂತ್ರಪಿಂಡ ಕೆಟ್ಟು ಸತ್ತವರು ಇದ್ದಾರೆ. ಎರಡು, ಆಸ್ಪತ್ರೆಯಲ್ಲಿ ಪ್ರತಿವಿಷ ಬಿಟ್ಟರೆ ಬೇರೇನೂ ಇಲ್ಲ ಎಂದುಕೊಳ್ಳುವುದು ತಪ್ಪು. ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ಚಿಕ್ಕ ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ ಅದು, ಮತ್ತೆ ಮತ್ತೆ ಮಾಡುತ್ತಾರೆ. ಊತವನ್ನು, ಮೂತ್ರದ ಪ್ರಮಾಣವನ್ನು ಗಮನಿಸುತ್ತಾರೆ. ಮೂರನೆಯದು ಬೇರಿನ ಮದ್ದಿನ ವಿಷಯ. ಈ ಹಾವು ಕಚ್ಚಿದವರಲ್ಲಿ ಬಹುಪಾಲು ಜನ ಏನು ಮಾಡಿದರೂ, ಮಾಡದಿದ್ದರೂ ಬದುಕುತ್ತಾರೆ. ಅವರನ್ನು ಬದುಕಿಸಿದ ಕೀರ್ತಿ ಬೇರಿಗೆ ಹೋಗುತ್ತದೆ. ಆ ನಂಬಿಕೆಯ ಮೇಲೆ ನಾಳೆ ಕೊಳಕುಮಂಡಲ ಕಚ್ಚಿದವರಿಗೂ ಬೇರನ್ನೇ ಅರೆಯುತ್ತಾರೆ.

ಹೊಸ ಪರಿಚ್ಛೇದ ಈಗ 'ಯಾವ ಹಾವು ಕಚ್ಚಿದರೂ ಆಸ್ಪತ್ರೆಗೆ ಹೋಗಬೇಕು' ಎಂದು ಆರಂಭವಾಗುತ್ತದೆ. ಪ್ರತಿವಿಷದ ಮಾತು ಐದನೆಯ ವಾಕ್ಯದಲ್ಲಿ ಬರುತ್ತದೆ. ಕಚ್ಚಿದ ಅಂಗವನ್ನು ಅಲುಗಾಡಿಸಬಾರದು, ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಹಾವನ್ನು ಹಿಡಿದು ತರಲು ಹೋಗಬಾರದು ಎಂಬುದೂ ಸೇರಿದೆ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ರೋಗವೆಂದು, ಅಂದರೆ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು, ಘೋಷಿಸಿದ್ದನ್ನು ಸೇರಿಸಿದೆ. ಪ್ರಕರಣ ಆಸ್ಪತ್ರೆಗೆ ಬಂದರೆ ತಾನೇ ಲೆಕ್ಕಕ್ಕೆ ಸಿಗುವುದು, ಯಾವ ಹಾವಿನ ಕಡಿತ ಎಲ್ಲಿ ಹೆಚ್ಚು ಎಂದು ತಿಳಿಯುವುದು! ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸಾಯುತ್ತಾರೆ ಎಂಬ ಅಂಕಿಯನ್ನು ಯಾರೋ ಇಲ್ಲಿ ಹಾಕಿದ್ದರು. ಅಂಕಿ ಸರಿ, ಜಾಗ ಸರಿಯಲ್ಲ. ಈ ಹಾವಿನ ಪುಟದಲ್ಲಿ ಅದನ್ನು ಓದಿದವರು ಆ ಸಾವುಗಳನ್ನು ಇದರ ತಲೆಗೆ ಕಟ್ಟುತ್ತಾರೆ. ಹಾವು ಕಡಿತದ ಪ್ರತ್ಯೇಕ ಲೇಖನಕ್ಕೆ ಸಾಗಿಸಿದೆ.

ಚಿಕ್ಕಮ್ಮನಿಗೆ ಮತ್ತೆ ಓದಿ ಹೇಳಿದೆ. ಈ ಸಲ ಸುಲಿಯುವ ಕೈ ನಿಂತಿತು. "ಅಪ್ಪಯ್ಯನಿಗೆ ಕಚ್ಚಿದ್ದು ಯಾವುದೋ ಏನೋ," ಎಂದರು. ಅವರ ತಂದೆ ತೀರಿಕೊಂಡದ್ದು ಹಾವು ಕಚ್ಚಿದ ನಾಲ್ಕನೆಯ ದಿನ, ಮನೆಯಲ್ಲೇ. ಅದು ನನಗೆ ಈವರೆಗೆ ಗೊತ್ತಿರಲಿಲ್ಲ.

ಆಗಸ್ಟ್ 3

ಹಸಿರು ಹಾವುಗಳ ಗೊಂದಲ ಬಿಡಿಸುವ ವಿಭಾಗ ಮುಗಿಯಿತು. ಹಸಿರು ಬಳ್ಳಿಹಾವಿನದು ಚೂಪು ಮೂತಿ, ಚಾಟಿಯಂಥ ಸಪೂರ ಮೈ, ಅಡ್ಡಗೆರೆಯ ಕಣ್ಣಪಾಪೆ. ಅದು ಹಗಲಿನ ಹಾವು. ಅದರ ವಿಷ ಸೌಮ್ಯ, ವಿಷದ ಹಲ್ಲುಗಳಿರುವುದು ಬಾಯಿಯ ಹಿಂಭಾಗದಲ್ಲಿ. ಅದು ಕಣ್ಣನ್ನೇ ಕುಕ್ಕುತ್ತದೆ ಎಂಬ ಮಾತಿನಿಂದ ಎಷ್ಟು ಬಳ್ಳಿಹಾವುಗಳು ದೋಟಿಗೆ ಬಲಿಯಾದವೋ! ಪಶ್ಚಿಮ ಘಟ್ಟದ ಬಳ್ಳಿಹಾವುಗಳನ್ನೂ 2020ರಲ್ಲಿ ಹಲವು ಪ್ರಭೇದಗಳಾಗಿ ಬೇರ್ಪಡಿಸಿದ್ದಾರೆ, ಆ ಲೇಖನವೂ ಹಳತಾಗಿದೆ. ಅದಕ್ಕೆ ಮುಂದಿನ ವರ್ಷ.

ಮಳೆ ನಿಂತ ಎರಡು ದಿನಗಳ ಬಿಡುವಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಬಂದಿದ್ದರು. ಕೆಂಪು ಬಟ್ಟೆಯ ಸಾಲಿಗೆ ಹೋಗುವ ಮೊದಲು ಒಬ್ಬ ಹುಡುಗ ತಾನಾಗಿಯೇ ಬಂದು ಕೇಳಿದ: "ಅಣ್ಣಾ, ಅದು ಇನ್ನೂ ಇದೆಯಾ?" ಇಬ್ಬರೂ ಹೋಗಿ ಟಾರ್ಚ್ ಬಿಟ್ಟು ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿದೆವು. ಹಾವು ಇರಲಿಲ್ಲ. ಬಟ್ಟೆ ಬಿಚ್ಚಿದೆ.

ರಾತ್ರಿ ಅದರ ಚಿತ್ರವನ್ನು ಮುಕ್ತ ಪರವಾನಗಿಯಲ್ಲಿ ಏರಿಸಿ, ಲೇಖನದ ಮೇಲ್ಭಾಗದಲ್ಲಿದ್ದ ಹಸಿರು ಹಾವಿನ ಚಿತ್ರದ ಪಕ್ಕದಲ್ಲೇ ಇಟ್ಟಿದ್ದೇನೆ. ಅಡಿಬರಹ: 'ಮಲಬಾರ್ ಗುಳಿಮಂಡಲ, ಕಂದು ಬಣ್ಣದ್ದು. ಮೆಣಸಿನ ಬಳ್ಳಿಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರ. ಜೂನ್, ಸಂಜೆ.'